ನೀರಿನ ದರ ಮೊದಲು, ಸಾಲ ಆಮೇಲೆ

ನಾನು ಒಂದು ಪುರಸಭೆಯಲ್ಲಿ ಅಕೌಂಟೆಂಟ್ ಆಗಿದ್ದೆ. ಊರಿಗೆ ಹೊಸ ಕುಡಿಯುವ ನೀರಿನ ಯೋಜನೆ ಬಂತು. ಖರ್ಚಿನಲ್ಲಿ ಒಂದು ಪಾಲು ಅನುದಾನ, ಇನ್ನು 4 ಕೋಟಿ ಸಾಲ. ಸಾಮಾನ್ಯ ಸಭೆಯಲ್ಲಿ ಜೋರು ಗಲಾಟೆಯಾಯಿತು. "ಸಾಲ ಯಾಕ್ರೀ? ಕೈಯಲ್ಲಿ ದುಡ್ಡು ಇದ್ದಷ್ಟು ಪೈಪ್ ಹಾಕೋಣ" ಅಂದರು ಹಿರಿಯ ಸದಸ್ಯರೊಬ್ಬರು.

ವರ್ಷಾನುಗಟ್ಟಲೆ ನಾವು ಮಾಡಿದ್ದು ಅದನ್ನೇ. ಈ ವರ್ಷ ಒಂದು ಬೀದಿ, ಮುಂದಿನ ವರ್ಷ ಇನ್ನೊಂದು. ಕೊನೆಯ ವಾರ್ಡಿಗೆ ಪೈಪ್ ಮುಟ್ಟುವ ಹೊತ್ತಿಗೆ ಮೊದಲ ವಾರ್ಡಿನದು ಹಾಳಾಗಿರುತ್ತಿತ್ತು. ಮುಂದಿನ ಸಭೆಗೆ ನಾನು ನಮ್ಮ ನೀರುಗಂಟಿಯ ಹತ್ತಿರ ಹಳೇ ಪೈಪಿನ ಒಂದು ತುಂಡು ತರಿಸಿದೆ. ನಾಲ್ಕಿಂಚಿನ ಕಬ್ಬಿಣದ ಪೈಪು. ಒಳಗೆ ತುಕ್ಕು ಗಂಟುಗಟ್ಟಿ ಹೆಬ್ಬೆರಳು ಮಾತ್ರ ತೂರುವಷ್ಟು ಜಾಗ ಉಳಿದಿತ್ತು. ಅದು ಮೇಜಿನಿಂದ ಮೇಜಿಗೆ ಹೋಯಿತು. ಎಲ್ಲರ ಕೈಗೂ ಕೆಂಪು ಹತ್ತಿತು.

ಆಮೇಲೆ ಲೆಕ್ಕ ಇಟ್ಟೆ. ಶೇ. 9ರ ಬಡ್ಡಿ, 20 ವರ್ಷ ಅಂದರೆ 4 ಕೋಟಿಗೆ ವರ್ಷಕ್ಕೆ ಸುಮಾರು 44 ಲಕ್ಷ ಕಂತು. ಡಿಮ್ಯಾಂಡ್ ರಿಜಿಸ್ಟರ್‌ನಲ್ಲಿ, ಅಂದರೆ ನೀರಿನ ಬಿಲ್ ಕಟ್ಟಬೇಕಾದವರ ಪುಸ್ತಕದಲ್ಲಿ, ಇದ್ದದ್ದು 4,200 ನಲ್ಲಿ. ಅಂದರೆ ಒಂದು ನಲ್ಲಿಗೆ ತಿಂಗಳಿಗೆ 87 ರೂಪಾಯಿ ಜಾಸ್ತಿ. ಕರೆಂಟ್ ಬಿಲ್ಲು, ಸಂಬಳ ಬೇರೆ. ಇದು ಜನರಿಗೆ ಭಾರ ಅನ್ನಿಸಿತು.

ಹಾಗಾಗಿ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು, ರಿಜಿಸ್ಟರ್‌ಗೆ ಸೇರದ ಅಕ್ರಮ ನಲ್ಲಿ ಹುಡುಕಲು ಮನೆಮನೆ ಸರ್ವೆ ಮಾಡಿದೆವು. ಬಿಲ್ ಕಲೆಕ್ಟರ್, ನೀರುಗಂಟಿ, ನಾನು. ಮೂರು ತಿಂಗಳು, ಬೆಳಗ್ಗೆ ನೀರು ಬಿಡುವ ಹೊತ್ತಿಗೇ ಹೋಗುತ್ತಿದ್ದೆವು. ನೀರು ಬರುವಾಗ ನಲ್ಲಿ ಬಚ್ಚಿಡುವುದು ಯಾರಿಗೂ ಆಗಲ್ಲ, ಅಲ್ವಾ? ಕೊನೆಗೆ ಸಿಕ್ಕಿದ್ದು 5,900 ನಲ್ಲಿ. ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಿದೆವು. ತಿಂಗಳ ಭಾರ 87ರಿಂದ 62 ರೂಪಾಯಿಗೆ ಇಳಿಯಿತು. ಆ ದರಕ್ಕೆ ಸಭೆ ಮೊದಲು ಠರಾವು ಮಾಡಿತು, ಸಾಲಕ್ಕೆ ಒಪ್ಪಿದ್ದು ಅದಾದ ಮೇಲೆ. ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ಹಟ ಹಿಡಿದದ್ದು ಈ ಒಂದು ವಿಷಯಕ್ಕೆ.

ದೊಡ್ಡ ಊರುಗಳದ್ದೂ ಇದೇ ಪ್ರಶ್ನೆ. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲೇ 125 ಕೋಟಿಯ ಬಾಂಡ್ (ಹೂಡಿಕೆದಾರರಿಂದ ಸಾಲ ಎತ್ತುವ ಪತ್ರ) ತಂದಿತ್ತು. 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಸ್ಥಳೀಯ ಸಂಸ್ಥೆಗಳ ನೀರಿಗಾಗಿ ಒಟ್ಟಿಗೆ 100 ಕೋಟಿಯ ಬಾಂಡ್ ಬಂತು. ಒಬ್ಬೊಬ್ಬರೇ ಹೋದರೆ ಸಾಲ ಸಿಗದ ಸಣ್ಣ ಊರುಗಳಿಗೆ ಅದು ಒಳ್ಳೆಯ ದಾರಿ. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ 5ನೇ ಹಂತ 2024ರಲ್ಲಿ ಶುರುವಾಯಿತು, ಅದಕ್ಕೂ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಾಲ ಇದೆ. ಆದರೆ ಬೆಂಗಳೂರಿನ ನೀರಿನ ದರ 2014ರ ನಂತರ ಏರಿದ್ದು 2025ರಲ್ಲಿ. ಅಷ್ಟು ವರ್ಷ ತಡೆದು ಒಮ್ಮೆಲೇ ಏರಿಸುವ ಬದಲು ವರ್ಷವರ್ಷ ಸ್ವಲ್ಪ ಏರಿಸಿದ್ದರೆ ಜನರಿಗೂ ಸುಲಭ, ಕಂತಿಗೂ ಸುಲಭ ಅಂತ ನನಗನ್ನಿಸುತ್ತದೆ.

ನಮ್ಮ ತಪ್ಪೂ ಒಂದಿದೆ. ರಸ್ತೆ ಅಗೆಯುವ ಅನುಮತಿ ಕೈಗೆ ಬರುವ ಮೊದಲೇ ಸಹಿ ಹಾಕಿಬಿಟ್ಟೆವು. ಅನುಮತಿಗೆ ಏಳು ತಿಂಗಳು ಹಿಡಿಯಿತು. ಮಂಜೂರಾದ ಸಾಲ ಎತ್ತದೆ ಇಟ್ಟರೂ ಅದಕ್ಕೆ ಶುಲ್ಕ ಬೀಳುತ್ತದೆ. ಒಂದು ಅಡಿ ಪೈಪೂ ಹಾಕದೆ ಸುಮ್ನೆ ದುಡ್ಡು ಕಟ್ಟಿದೆವು. ಜಾಗ, ಅನುಮತಿ ಎಲ್ಲ ಕೈಯಲ್ಲಿ ಇದ್ದರೆ ಮಾತ್ರ ಸಾಲಕ್ಕೆ ಕೈ ಹಾಕಬೇಕು. ಸಂಬಳಕ್ಕೆ, ಹಳೇ ಬಾಕಿಗೆ ಸಾಲ ಮಾಡುವುದಂತೂ ಬೇಡವೇ ಬೇಡ. ಮೂವತ್ತು ವರ್ಷ ಬಾಳುವ ಪೈಪಿಗೆ ಇಪ್ಪತ್ತು ವರ್ಷ ಕಂತು ಕಟ್ಟುವುದು ನ್ಯಾಯ. ಅದರ ನೀರು ಕುಡಿಯುವವರೇ ಅದನ್ನು ಕಟ್ಟುತ್ತಾರೆ.

ಕೊನೆಯ ವಾರ್ಡಿನ ಒಬ್ಬ ಅಕ್ಕ ಪ್ರತಿ ತಿಂಗಳೂ ಕೌಂಟರಿಗೆ ಬರುತ್ತಿದ್ದರು. ರಸೀದಿಗಳೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಒಂದು ಸಲ ಕೇಳಿದರು, "ಸಾಲ ತೀರಿದ್ಮೇಲೆ ಬಿಲ್ ಕಮ್ಮಿ ಆಗುತ್ತಾ ಸರ್?"

"ಇಲ್ಲ ಅಕ್ಕ, ಅಷ್ಟೊತ್ತಿಗೆ ಪಂಪು ಬದಲಾಯಿಸಬೇಕಾಗುತ್ತೆ. ಅದಕ್ಕೆ ಬೇರೆ ಖಾತೆಯಲ್ಲಿ ದುಡ್ಡು ಕೂಡಿಡ್ತೀವಿ" ಅಂದೆ.

"ಹಾಗಾದ್ರೆ ಸರಿ, ಟ್ಯಾಂಕರ್ ಹಿಂದೆ ಓಡೋದು ಮಾತ್ರ ಬೇಡ" ಅಂದರು. ರಸೀದಿ ಮಡಚಿ ಕವರಿಗೆ ಹಾಕಿಕೊಂಡರು.