ಶ್ರೀಲಂಕಾ ಬೀಚ್ ರೋಡ್ ಟ್ರಿಪ್ಪಾ? ಮ್ಯಾಪ್ ಆಮೇಲೆ, ಮೊದಲು ಕ್ಯಾಲೆಂಡರ್ ನೋಡಿ

ಶ್ರೀಲಂಕಾದಲ್ಲಿ ಕಾರ್ ತಗೊಂಡು ಬೀಚ್ ಬೀಚ್ ಸುತ್ತೋಣ ಅಂತ ಯಾರಾದ್ರೂ ಅಂದ್ರೆ ನಾನು ಮೊದಲು ಕೇಳೋದು ಯಾವ ತಿಂಗಳು ಅಂತ. ಅಷ್ಟು ಪುಟ್ಟ ದೇಶಕ್ಕೆ ಎರಡು ಮಳೆಗಾಲ. ನಮ್ಮ ಕರಾವಳಿಗೆ ಸುರಿಯೋ ಮುಂಗಾರೇ ಮೇ ಇಂದ ಸೆಪ್ಟೆಂಬರ್‌ವರೆಗೆ ಅಲ್ಲಿ ದಕ್ಷಿಣದ ಗಾಲೆ, ಮಿರಿಸ್ಸ ಕಡೆನೂ ಇರುತ್ತೆ, ಸಮುದ್ರ ರಫ್ ಆಗಿರುತ್ತೆ, ನೀರಿಗಿಳಿಯೋದು ಕಷ್ಟ. ಆದ್ರೆ ಅದೇ ಟೈಮಲ್ಲಿ ಪೂರ್ವದ ಅರುಗಂ ಬೇನಲ್ಲಿ ಸರ್ಫಿಂಗ್ ಸೀಸನ್. ಡಿಸೆಂಬರ್ ಇಂದ ಮಾರ್ಚ್‌ವರೆಗೆ ದಕ್ಷಿಣ ಚೆನ್ನಾಗಿರುತ್ತೆ. ಎರಡೂ ಕಡೆ ಒಂದೇ ಟ್ರಿಪ್ಪಲ್ಲಿ ತುರುಕಬೇಡಿ, ಐದು ದಿನ ಇದ್ರೆ ದಕ್ಷಿಣ ಒಂದೇ ಸಾಕು. ಹುಣ್ಣಿಮೆ ಯಾವತ್ತು ಅಂತಾನೂ ನೋಡ್ಕೊಳ್ಳಿ, ಅವರಿಗೆ ಅದು ಪೋಯ, ಪ್ರತಿ ತಿಂಗಳೂ ಸರ್ಕಾರಿ ರಜೆ, ಅವತ್ತು ಎಣ್ಣೆ ಮಾರಲ್ಲ. ನಮ್ ಗ್ಯಾಂಗ್ ಇದು ಗೊತ್ತಿಲ್ದೆ ಕರೆಕ್ಟಾಗಿ ಹುಣ್ಣಿಮೆ ದಿನಾನೇ ಹೋಗಿ ಇಳಿದು, ಬೀಚಲ್ಲಿ ಕೂತು ಎಳನೀರು ಕುಡಿದ್ವಿ.

ಸ್ಟೀರಿಂಗ್ ಬಲಕ್ಕೆ, ಗಾಡಿ ಎಡಕ್ಕೆ, ನಮ್ಮ ಥರಾನೇ, ಹಾಗಾಗಿ ಓಡಿಸೋದು ಕಷ್ಟ ಅಲ್ಲ. ತಲೆನೋವು ಲೈಸೆನ್ಸ್‌ದು. ನಮ್ಮ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡ್ರೂ ಅದೊಂದೇ ಸಾಲಲ್ಲ, ಅದಕ್ಕೆ ಅಲ್ಲಿನವರ ಮುದ್ರೆ ಬೀಳಬೇಕು ಇಲ್ಲಾ ಅಲ್ಲಿಂದೇ ಟೆಂಪರರಿ ಲೈಸೆನ್ಸ್ ತಗೋಬೇಕು. ಕಾರ್ ಬುಕ್ ಮಾಡುವಾಗಲೇ ಇದನ್ನ ಯಾರು ಮಾಡಿಸಿಕೊಡ್ತಾರೆ, ಎಷ್ಟು ಕೊಡಬೇಕು ಅಂತ ಮೆಸೇಜಲ್ಲಿ ಬರೆಸಿಕೊಳ್ಳಿ. ಇನ್ನೊಂದು, ಕಾರ್ ಕೈಗೆ ಬಂದ ತಕ್ಷಣ ಸುತ್ತ ಒಂದು ರೌಂಡ್ ವಿಡಿಯೋ ಮಾಡಿ, ಬಂಪರ್ ಕೆಳಗೂ ಬಗ್ಗಿ ಮಾಡಿ, ಯಾಕಂದ್ರೆ ನಾವು ಬಗ್ಗಲಿಲ್ಲ, ವಾಪಸ್ ಕೊಡುವಾಗ ಹಳೇ ಗೀರು ಒಂದನ್ನ ತೋರಿಸಿ ಡೆಪಾಸಿಟಲ್ಲಿ ಅರ್ಧ ಹಿಡ್ಕೊಂಡ್ರು.

ಏರ್‌ಪೋರ್ಟ್ ಇರೋದು ಕಟುನಾಯಕದಲ್ಲಿ, ಕೊಲಂಬೋ ಒಳಗಲ್ಲ. ಸಂಜೆ ಇಳಿದ್ರೆ ಪಕ್ಕದ ನೆಗೊಂಬೋದಲ್ಲಿ ಮಲಗಿ ಬೆಳಿಗ್ಗೆ ಹೊರಡಿ. ಅಲ್ಲಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಕೊಲಂಬೋ ಸಿಟಿ ಒಳಗೆ ಹೋಗದೇನೇ ಗಾಲೆ ಸೇರಬಹುದು, ಸ್ಪೀಡ್ ಲಿಮಿಟ್ ಗಂಟೆಗೆ 100 ಕಿಮೀ, ಟೋಲಿಗೆ ಲೋಕಲ್ ಕ್ಯಾಶ್ ಇಟ್ಕೊಂಡಿರಿ. ಟುಕ್‌ಟುಕ್ ಆಟೋ ಬಾಡಿಗೆಗೆ ತಗೊಳ್ಳೋ ಆಸೆ ಇದ್ರೆ ಎಕ್ಸ್‌ಪ್ರೆಸ್‌ವೇಗೆ ಬಿಡಲ್ಲ, ಗೊತ್ತಿರಲಿ.

ನನ್ನ ಸಲಹೆ ಹೋಗ್ತಾ ಎಕ್ಸ್‌ಪ್ರೆಸ್‌ವೇ, ಬರ್ತಾ ಕಡಲಂಚಿನ ಹಳೇ ಗಾಲೆ ರೋಡ್. ದಿನಕ್ಕೊಂದು ಹೋಟೆಲ್ ಬದಲಾಯಿಸಿ ಬ್ಯಾಗ್ ಕಟ್ಟೋದೇ ಆಗೋದು ಬೇಡ, ಎರಡು ರಾತ್ರಿ ಗಾಲೆ ಹತ್ರ, ಎರಡು ರಾತ್ರಿ ಮಿರಿಸ್ಸ ಅಥವಾ ವೆಲಿಗಮದಲ್ಲಿ ಇರಿ, ಮಧ್ಯೆ ಇರೋದೇ ಸುಮಾರು 35 ಕಿಮೀ. ಗಾಲೆ ಕೋಟೆನ ಪೋರ್ಚುಗೀಸರು ಶುರು ಮಾಡಿದ್ದು, ಡಚ್ಚರು ಈಗಿನ ರೂಪಕ್ಕೆ ತಂದಿದ್ದು, ಸಂಜೆ ಗೋಡೆ ಮೇಲೆ ನಡೀತಾ ಹೋದ್ರೆ ಕೆಳಗೆ ನಾವು ಟಿವಿಯಲ್ಲಿ ನೋಡಿರೋ ಕ್ರಿಕೆಟ್ ಗ್ರೌಂಡ್ ಪೂರ್ತಿ ಕಾಣುತ್ತೆ, ಮ್ಯಾಚ್ ಇದ್ರೆ ಪುಕ್ಕಟೆ ಗ್ಯಾಲರಿ. ಸರ್ಫಿಂಗ್ ಕಲಿಯೋಕೆ ವೆಲಿಗಮ, ತಳದಲ್ಲಿ ಮರಳು, ಬಿದ್ರೂ ಪೆಟ್ಟು ಕಮ್ಮಿ. ನೀಲಿ ತಿಮಿಂಗಿಲ ನೋಡೋಕೆ ಮಿರಿಸ್ಸದಿಂದ ಬೆಳಗಿನ ಬೋಟು, ಹೊಟ್ಟೆ ತೊಳಸೋರು ಮಾತ್ರೆ ನುಂಗಿ ಹತ್ತಿ. ಮಿರಿಸ್ಸದಿಂದ ಮುಂದಿನ ತಂಗಾಲೆ ಬೀಚ್ ಖಾಲಿ ಖಾಲಿಯಾಗಿ ಚೆನ್ನಾಗಿದೆ, ಆದ್ರೆ ಸೆಳೆತ ಜೋರು, ಊರೋರನ್ನ ಕೇಳದೇ ಇಳೀಬೇಡಿ.

ಕೊಗ್ಗಲ ಹತ್ರ ಕೋಲಿನ ಮೇಲೆ ಕೂತು ಮೀನು ಹಿಡಿಯೋರು ಸಿಗ್ತಾರೆ, ಈಗ ಬಹಳಷ್ಟು ಜನ ಕೂರೋದು ಫೋಟೋ ದುಡ್ಡಿಗೆ, ಕ್ಯಾಮೆರಾ ಎತ್ತೋ ಮುಂಚೆ ರೇಟ್ ಮಾತಾಡಿ. ಹಿಕ್ಕಡುವ ದಾಟಿದ್ಮೇಲೆ ಪೆರೇಲಿಯದಲ್ಲಿ ಹತ್ತು ನಿಮಿಷ ನಿಲ್ಲಿಸಿ, 2004ರ ಸುನಾಮಿಲಿ ತುಂಬಿದ ರೈಲೊಂದು ಕೊಚ್ಚಿಹೋಗಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದು ಅಲ್ಲೇ. ಈ ರೋಡಲ್ಲಿ ಪ್ರೈವೇಟ್ ಬಸ್ ಹಿಂದಿಂದ ಹಾರನ್ ಹೊಡೆದ್ರೆ ಸೈಡ್ ಬಿಟ್ಬಿಡಿ, ಅವರ ಜೊತೆ ಜಿದ್ದು ಬೇಡ.

ಊಟ ನಮಗೆ ಹತ್ತಿರದ್ದೇ, ಅನ್ನ, ಬೇಳೆ, ತೆಂಗಿನಕಾಯಿ, ಆಪ್ಪ ಅಂದ್ರೆ ನಮ್ಮ ಅಪ್ಪಂ. ವೆಜ್ ಅವರಿಗೆ ಒಂದೇ ಎಚ್ಚರಿಕೆ, ಪೋಲ್ ಸಂಬೋಲ್ ಅನ್ನೋ ಕಾಯಿಚಟ್ನಿಲಿ ಒಣಮೀನಿನ ಪುಡಿ ಹಾಕಿರ್ತಾರೆ, ಕೇಳಿ ತಿನ್ನಿ. ಬೆಳಿಗ್ಗೆ ಮ್ಯೂಸಿಕ್ ಹಾಕ್ಕೊಂಡು ಗಲ್ಲಿಗೆ ಒಂದು ಆಟೋ ಬರುತ್ತೆ, ಹಿಂದೆ ಗಾಜಿನ ಪೆಟ್ಟಿಗೆ ತುಂಬ ಬಿಸಿ ಬನ್ನು, ಅದೇ ಚೂನ್ ಪಾನ್. ಓಡಿ ಹೋಗಿ ನಿಲ್ಲಿಸಿ. ಮಾಲು ಪಾನ್ ಅಂದ್ರೆ ಮೀನಿಂದು, ಎಳವಳು ಅಂದ್ರೆ ತರಕಾರಿಂದು.