ಹೆಬ್ಬಾತು ಬರುವ ಮೊದಲು ಪಕಾಸಿ ಏರಬೇಕು: ಕ್ರೀ ಊರಿನಲ್ಲಿ ಬಡಗಿ ಕೆಲಸ ಕಲಿಸಿದ ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ನನ್ನ ಮೂರನೇ ತಂಡದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಬಡಗಿ ಡಿಪ್ಲೊಮಾ ಮುಗಿಸಿದರು. ಮೊದಲ ತಂಡದಲ್ಲಿ ಹದಿನಾಲ್ಕಕ್ಕೆ ಮೂವರು, ಎರಡನೆಯದರಲ್ಲಿ ಹನ್ನೆರಡಕ್ಕೆ ಐವರು ಮುಗಿಸಿದ್ದರು. ಕಾಡಿನಲ್ಲಿ ಪಾಠ ಮಾಡುತ್ತೇನೆ ಎಂದಾಗ ‘ಅದು ವಿಹಾರವಾಗುತ್ತದೆ, ತರಬೇತಿ ಆಗುವುದಿಲ್ಲ’ ಎಂದವರೇ ಈಗ ವೇಳಾಪಟ್ಟಿ ಕಳಿಸಿ ಎಂದು ಕೇಳುತ್ತಿದ್ದಾರೆ. ಕರ್ನಾಟಕದ ಐಟಿಐ ಗೆಳೆಯರೂ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಮೂಲೆಮಟ್ಟ ಹಿಡಿಯುವುದು ಹೇಗೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಜಾಗ ವಾಸ್ಕಾಗಾನಿಶ್, ಕೆನಡಾದ ಮೂಲನಿವಾಸಿಗಳಾದ ಕ್ರೀ ಜನರ ಊರು. ಕ್ಯೂಬೆಕ್‌ನ ಉತ್ತರದಲ್ಲಿ, ರೂಪರ್ಟ್ ನದಿ ಜೇಮ್ಸ್ ಕೊಲ್ಲಿಯನ್ನು ಸೇರುವಲ್ಲಿದೆ. ಮಟಾಗಾಮಿ ಎಂಬ ಪಟ್ಟಣದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ 237ನೇ ಕಿಲೋಮೀಟರಿನಲ್ಲಿ ಎಡಕ್ಕೆ ತಿರುಗಿ ಇನ್ನೂ 102 ಕಿ.ಮೀ. ಸಾಗಬೇಕು. ಆ ಹೆದ್ದಾರಿಗೆ ಈಗ ಬಿಲ್ಲಿ ಡೈಮಂಡ್ ಅವರ ಹೆಸರಿದೆ. ಜೇಮ್ಸ್ ಕೊಲ್ಲಿಯ ನೆಲದ ಬಗ್ಗೆ ಸರ್ಕಾರಗಳೊಂದಿಗೆ ಆದ 1975ರ ಒಪ್ಪಂದಕ್ಕೆ ಕ್ರೀ ಜನರ ಪರವಾಗಿ ಮುಂದೆ ನಿಂತ ಅವರು ಇದೇ ಊರಿನವರು. ಕ್ರೀ ಜನರು ತಮ್ಮ ಶಾಲೆಗಳನ್ನು ತಾವೇ ನಡೆಸುವ ಹಕ್ಕು ಪಡೆದದ್ದು ಆ ಒಪ್ಪಂದದಿಂದಲೇ. ವಾಸ್ಕಾಗಾನಿಶ್ ಎಂದರೆ ಚಿಕ್ಕ ಮನೆ. ಬಡಗಿ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಊರು ಸಿಗಲಾರದು. ಮನೆಗಳ ಕೊರತೆ ಇಲ್ಲಿ ನಿಜವಾದ ಸಂಕಟ. ಒಂದೇ ಸೂರಿನಡಿ ಮೂರು ತಲೆಮಾರು ಇರುವುದು ಸಾಮಾನ್ಯ. ಆದರೆ ಮನೆ ಕಟ್ಟಲು ಬರುವ ಬಡಗಿಗಳಲ್ಲಿ ಬಹುಪಾಲು ದಕ್ಷಿಣದಿಂದ ಬಂದು, ಕೆಲಸ ಮುಗಿಸಿ, ಕೂಲಿ ಕಟ್ಟಿಕೊಂಡು ಹೋಗುವವರು.

ಮೊದಲ ತಂಡವನ್ನು ಎಲ್ಲ ಕಡೆಯಂತೆ ಸೆಪ್ಟೆಂಬರಿನಲ್ಲಿ ಶುರು ಮಾಡಿದೆ. ಹದಿನೈದು ದಿನ ತುಂಬಿದ ತರಗತಿ. ಆಮೇಲೆ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಬಂತು, ಅರ್ಧ ಬೆಂಚು ಖಾಲಿಯಾಯಿತು. ಮರಳಿದವರಲ್ಲಿ ಕೆಲವರು ಭಿನ್ನರಾಶಿಯ ಪಾಠ ಕಂಡು ಮತ್ತೆ ಹೋದರು. ಏಪ್ರಿಲ್ ಕೊನೆಗೆ ಹೆಬ್ಬಾತು ಬೇಟೆಯ ಕಾಲ ಬಂತು. ಇಲ್ಲಿ ಶಾಲೆಗಳೂ ಕಚೇರಿಗಳೂ ಆಗ ಎರಡು ವಾರ ಮುಚ್ಚುತ್ತವೆ, ಇಡೀ ಊರು ಕೊಲ್ಲಿಯ ದಂಡೆಗೆ ಹೋಗುತ್ತದೆ. ನಾನು ಪರೀಕ್ಷೆಯನ್ನು ಆ ಎರಡು ವಾರ ಮುಗಿದ ಬೆನ್ನಿಗೇ ಇಟ್ಟಿದ್ದೆ. ಹಿಮ ಕರಗುವುದು ತಡವಾಯಿತು, ಹಕ್ಕಿ ತಡವಾಗಿ ಬಂತು, ಜನರೂ ತಡವಾಗಿ ಮರಳಿದರು. ಪರೀಕ್ಷೆಯ ದಿನ ಮೂವರು ಕುಳಿತಿದ್ದರು.

ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಶಿರಸಿಯ ಕಡೆ ಹನ್ನೊಂದು ವರ್ಷ ಕಲಿಸಿದವನು ನಾನು. ಅಡಿಕೆ ಕೊಯ್ಲು ಶುರುವಾದರೆ ಹಾಜರಿ ಪುಸ್ತಕ ಹೇಗಿರುತ್ತದೆ ಎಂದು ಕಂಡವನು. ಆದರೂ ಇಲ್ಲಿ ಬಂದು ಅದನ್ನು ‘ಶಿಸ್ತಿನ ಕೊರತೆ’ ಎಂದು ವರದಿಯಲ್ಲಿ ಬರೆದೆ. ಆ ಪದವನ್ನು ಇಂದು ಹಿಂತೆಗೆದುಕೊಳ್ಳುತ್ತೇನೆ.

ಹಣದ ಲೆಕ್ಕ ಇನ್ನೂ ನೋವಿನದು. ಆ ವರ್ಷ ಸುಮಾರು 22 ಸಾವಿರ ಡಾಲರಿನ ಮರ, ಪ್ಲೈವುಡ್, ಮೊಳೆ ತರಿಸಿದ್ದೆ. ಕಾರ್ಯಾಗಾರದೊಳಗೆ ಗೋಡೆ ಕಟ್ಟುವುದು, ಅಂಕ ಹಾಕುವುದು, ಕೆಡವುವುದು. ಕೆಡವಿದ್ದರಲ್ಲಿ ಮರಳಿ ಬಳಕೆಗೆ ಬಂದದ್ದು ಮೂರನೇ ಒಂದು ಭಾಗವೂ ಇಲ್ಲ. ಮನೆಯಿಲ್ಲದ ಊರಿನಲ್ಲಿ ಗೋಡೆ ಕಟ್ಟಿ ಒಡೆಯುತ್ತೀರಲ್ಲ ಎಂದು ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದರು. ಇಲ್ಲಿ ಅಜ್ಜಿಯನ್ನು ಕೂಕುಮ್ ಎನ್ನುತ್ತಾರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ತಂಡವನ್ನು ಕಾಡಿಗೆ ಕರೆದುಕೊಂಡು ಹೋದೆ, ಆದರೆ ತಪ್ಪು ಕಾಲದಲ್ಲಿ. ಜನವರಿ, ಮೈನಸ್ 38 ಡಿಗ್ರಿ. ಜನರೇಟರ್ ಏಳಲಿಲ್ಲ, ಕಂಪ್ರೆಸರಿನ ಕೊಳವೆ ಕೋಲಿನಂತೆ ಸೆಟೆಯಿತು, ಅಂಟು ಡಬ್ಬಿಯಲ್ಲೇ ಕಲ್ಲಾಯಿತು. ಒಂಬತ್ತು ದಿನ ಬೆಂಕಿ ಕಾಯುವುದರಲ್ಲೇ ಕಳೆಯಿತು. ಹಿಮದಡಿ ಬಿಟ್ಟ ಆರು ಸಾವಿರ ಡಾಲರಿನ ಮರ ವಸಂತದಲ್ಲಿ ಸೊಟ್ಟಗಾಗಿ ಸಿಕ್ಕಿತು. ಮೂರನೇ ವಾರ ಇಬ್ಬರು ತಾಯಂದಿರು ಬಿಟ್ಟುಹೋದರು. ಮಕ್ಕಳನ್ನು ಊರಿನಲ್ಲಿ ಯಾರು ನೋಡಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ವಯಸ್ಕರಿಗೆ ಕಲಿಸುವವರು ಪಠ್ಯಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಮೂರನೇ ಸಲ ಕ್ರಮವನ್ನೇ ತಿರುಗಿಸಿದೆ. ಮೂಸ್ ಬೇಟೆ ಮುಗಿದ ಮೇಲೆ, ಅಕ್ಟೋಬರ್ ಮಧ್ಯದಲ್ಲಿ ಆರಂಭ. ಮೊದಲ ದಿನವೇ ಕಾಡು. ಒಂದು ಕುಟುಂಬದ ಬೇಟೆನೆಲದಲ್ಲಿ, ಅದರ ಉಸ್ತುವಾರಿ ನೋಡುವ ಹಿರಿಯರ ಒಪ್ಪಿಗೆ ಪಡೆದು, ಅವರ ಮನೆಯವರಿಗಾಗಿಯೇ 16ಕ್ಕೆ 24 ಅಡಿಯ ಕ್ಯಾಬಿನ್. ನೆಲ ಹೆಪ್ಪುಗಟ್ಟುವ ಮೊದಲು ಬುಡ, ನವೆಂಬರ್ ಕೊನೆಗೆ ಗೋಡೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಊರಿನ ಕಾರ್ಯಾಗಾರದಲ್ಲಿ ಯಂತ್ರ, ನಕ್ಷೆ, ಗಣಿತ. ಮಾರ್ಚ್ ಕೊನೆಗೆ ಮತ್ತೆ ಕಾಡು; ಹೆಬ್ಬಾತು ಬರುವ ಮೊದಲು ಪಕಾಸಿ, ಅಂದರೆ ಮಾಡಿನ ಓರೆ ತೊಲೆಗಳು, ಏರಿ ಮಾಡು ಮುಚ್ಚಬೇಕು. ಆಮೇಲೆ ನಾಲ್ಕು ವಾರ ನಾನೇ ರಜೆ ಕೊಟ್ಟೆ, ಎರಡಲ್ಲ. ಡಿಪ್ಲೊಮಾಕ್ಕೆ 1350 ಗಂಟೆ ಬೇಕು, ವಾರಕ್ಕೆ ಮೂವತ್ತು ಗಂಟೆ ಹಿಡಿದರೆ ರಜೆಗಳೆಲ್ಲ ಸೇರಿ ಹದಿನಾಲ್ಕು ತಿಂಗಳು. ಹಕ್ಕಿ ಬೇಗ ಬಂದರೆ ಬೇಗ ನಿಲ್ಲಿಸಲು ಪಟ್ಟಿಯಲ್ಲಿ ಜಾಗ ಬಿಟ್ಟಿದ್ದೆ.

ಬಾಗಿಲಲ್ಲಿ ನಿಂತು ಕೇಳಿದ ಆ ಕೂಕುಮ್‌ರನ್ನೇ ಹೋಗಿ ಕರೆದೆ. ಅಡುಗೆ ಮತ್ತು ಮಕ್ಕಳ ಹೊಣೆಗೆ ದಿನಗೂಲಿ ಗೊತ್ತು ಮಾಡಿದೆ. ಚಿಕ್ಕಂದಿನಲ್ಲಿ ಅವರನ್ನು ಮೂಸ್ ಫ್ಯಾಕ್ಟರಿ ಎಂಬ ಊರಿನ ವಸತಿ ಶಾಲೆಗೆ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಡುತ್ತಿದ್ದ ಶಾಲೆಗೆ, ಒಯ್ದಿದ್ದರು. ಶಾಲೆಯ ಮೆಟ್ಟಿಲು ಹತ್ತುವುದಿಲ್ಲ, ಕಾಡಿಗಾದರೆ ಬರುತ್ತೇನೆ ಎಂದರು. ಅವರು ಒಲೆ ಹಚ್ಚಿ ಬೆಳಿಗ್ಗೆ ಆರಕ್ಕೆ ಹೆಸರು ಹಿಡಿದು ಕೂಗಿದರೆ ಮಲಗಿರುವವರು ಯಾರೂ ಇರಲಿಲ್ಲ. ನನ್ನ ಹಾಜರಿ ಪುಸ್ತಕಕ್ಕೆ ಆ ಶಕ್ತಿ ಎಂದೂ ಇರಲಿಲ್ಲ. ಈ ಸಲ ನಾಲ್ವರು ತಾಯಂದಿರಿದ್ದರು, ನಾಲ್ವರೂ ಮುಗಿಸಿದರು.

ಗಣಿತದ ವಿಷಯ. ಹದಿನಾರು ಅಡಿ ಅಗಲದ ಮನೆ, ಅರ್ಧ ಎಂಟು ಅಡಿ, ಮಾಡಿನ ಎತ್ತರ ಆರು. ಪಕಾಸಿಯ ಉದ್ದ ಎಷ್ಟು ಎಂದು ನಾನು ಹೇಳಲಿಲ್ಲ. ಹಿಂದೆ ಮೂರು ಸಲ ಗಣಿತದಲ್ಲಿ ಬಿದ್ದ ಒಬ್ಬ ಹುಡುಗ ಹಗ್ಗಕ್ಕೆ ಗಂಟು ಹಾಕಿ, ನೆಲದ ಮೇಲೆ ಮೂಲೆ ಎಳೆದು, ಹತ್ತು ಅಡಿ ಎಂದ. ಮಾಡಿನ ಚಾಚಿಗೆ ಬೇರೆ ಸೇರಿಸಬೇಕು ಎಂದೂ ಅವನೇ ಹೇಳಿದ. ಕಚ್ಚು ಕೊಯ್ದು ಏರಿಸಿದಾಗ ಕೂದಲೆಳೆಯಷ್ಟೂ ಸಂದಿಲ್ಲ. ಪುಸ್ತಕದ ಸೂತ್ರವನ್ನು ಜೂನ್‌ನಲ್ಲಿ ಕರಿಹಲಗೆಯ ಮೇಲೆ ಬರೆದಾಗ ‘ಇದು ಆ ಹಗ್ಗ’ ಎಂದ. ಆ ಸಲದ ಪರೀಕ್ಷೆಯಲ್ಲಿ ಅವನಿಗೆ ಎಂಬತ್ತರ ಮೇಲೆ ಅಂಕ. ಹಲಗೆಯಿಂದ ಮರಕ್ಕೆ ಹೋಗುವ ಬದಲು ಮರದಿಂದ ಹಲಗೆಗೆ ಬಂದೆ, ಅಷ್ಟೇ.

ಇಂಚಿನ ಹದಿನಾರನೇ ಭಾಗವನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಸುವ ಒಂದು ಉಪಾಯ ನನ್ನಲ್ಲಿದೆ; ಟೇಪನ್ನು ಮುಟ್ಟದೆ ಕಲಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಯಾರನ್ನು ಯಾರ ಜೊತೆಗೆ ಕೆಲಸಕ್ಕೆ ಹಾಕಬೇಕೆಂದು ತಿಳಿಯಲು ಮೊದಲ ದಿನ ಕೇಳುವ ಪ್ರಶ್ನೆಯೂ ನನ್ನಲ್ಲೇ ಇರಲಿ.

ಈ ಸಲದ ಖರ್ಚು: ಸಾಮಗ್ರಿಗೆ 31 ಸಾವಿರ ಡಾಲರ್ ಆಸುಪಾಸು, ದಕ್ಷಿಣದ ವಾಲ್-ದೋರ್ ಪಟ್ಟಣದಿಂದ ಲಾರಿ ಬಾಡಿಗೆ ನಾಲ್ಕು ಸಾವಿರ. ಅದರಲ್ಲಿ ಹದಿನೈದು ಸಾವಿರವನ್ನು ಕ್ಯಾಬಿನ್ ಪಡೆದ ಕುಟುಂಬ ಕೊಟ್ಟಿತು. ಹಾಗಾಗಿ ಕೆಡವುವ ಗೋಡೆಗಿಂತ ಉಳಿಯುವ ಮನೆಯೇ ನಮಗೆ ಅಗ್ಗವಾಯಿತು. ಲೆಕ್ಕಪತ್ರದವರು ಎರಡು ಸಲ ಕೂಡಿ ನೋಡಿದರು. ಕಾಡಿನ ಗಂಟೆಗಳನ್ನು ತರಬೇತಿಯ ಗಂಟೆಗಳೆಂದು ಒಪ್ಪಿಸಲು ಮಾತ್ರ ಎರಡು ಚಳಿಗಾಲ ಬೇಕಾಯಿತು. ಪ್ರತಿ ದಿನ, ಪ್ರತಿ ವಿದ್ಯಾರ್ಥಿ, ಮಾಡಿದ ಕೆಲಸ, ಒಂದು ಫೋಟೊ: ಆ ದಿನಚರಿ ಇಲ್ಲದಿದ್ದರೆ ಒಂದು ಗಂಟೆಯೂ ಸಿಗುತ್ತಿರಲಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆವು. ಹಿರಿಯರು ದಿಮ್ಮಿ ಮನೆಯ ಸಂದಿಗೆ ಪಾಚಿ ತುಂಬುತ್ತಿದ್ದರು. ಎಂಟಕ್ಕೆ ಹತ್ತು ಅಡಿಯ ಎರಡು ಗುಡಿಸಲು ಕಟ್ಟಿ, ಒಂದಕ್ಕೆ ಜೌಗಿನ ಪಾಚಿ, ಇನ್ನೊಂದಕ್ಕೆ ಫೈಬರ್‌ಗ್ಲಾಸ್ ತುಂಬಿ ಸೌದೆ ಎಣಿಸಿದೆವು. ಮೊದಲು ಪಾಚಿಯದು ಒಂದೂವರೆ ಪಟ್ಟು ಸೌದೆ ತಿಂದಿತು. ಒಣಗಿ ಕುಗ್ಗಿದ ಮೇಲೆ ಮತ್ತೊಮ್ಮೆ ಒತ್ತಿ ತುಂಬಿದಾಗ ವ್ಯತ್ಯಾಸ ಬಹಳ ಇಳಿಯಿತು. ಎರಡನೇ ಸಲ ತುಂಬಲೇಬೇಕು ಎಂದು ಕೂಕುಮ್ ಮೊದಲೇ ಹೇಳಿದ್ದರು, ನಾನು ಬರೆದುಕೊಂಡಿರಲಿಲ್ಲ.

ಉಪಕರಣಗಳ ಪೆಟ್ಟಿಗೆಗಳ ಮೇಲೆ ಕ್ರೀ ಲಿಪಿಯಲ್ಲಿ ಹೆಸರು ಬರೆಸಿದ್ದೂ ಆಗಲೇ. ಆ ಲಿಪಿಯಲ್ಲಿ ಒಂದೇ ಗುರುತನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೆ ಸ್ವರ ಬದಲಾಗುತ್ತದೆ. ನಮ್ಮ ಕಾಗುಣಿತ ತೋರಿಸಿದಾಗ ವಿದ್ಯಾರ್ಥಿಗಳು ಕಣ್ಣರಳಿಸಿದರು. ನೆಲ ಸಮವಾಗಿದೆಯೇ ಎಂದು ನೋಡುವ ರಸಮಟ್ಟಕ್ಕೆ ಕ್ರೀ ಮಾತು ಹುಡುಕಲು ಸ್ಥಳೀಯ ರೇಡಿಯೊದಲ್ಲಿ ಕೇಳಿದೆವು. ಸಂಜೆಯವರೆಗೆ ಫೋನ್ ಬರುತ್ತಲೇ ಇತ್ತು. ಏಳು ಹೆಸರು ಬಂದವು, ಯಾವುದು ಸರಿ ಎಂಬ ವಾದ ಇನ್ನೂ ಮುಗಿದಿಲ್ಲ.

ಬರುವ ಅಕ್ಟೋಬರಿಗೆ ನಾಲ್ಕನೇ ತಂಡ. ಮುಗಿಸಿದ ಒಂಬತ್ತರಲ್ಲಿ ಇಬ್ಬರು ಸಹಾಯಕ ಬೋಧಕರಾಗಿ ಬರುತ್ತಿದ್ದಾರೆ, ಅವರಲ್ಲಿ ಒಬ್ಬ ಹಗ್ಗದ ಹುಡುಗ. ಮರ ಕಾಯ್ದಿರಿಸಿ ಆಗಿದೆ, ಟಾರ್ಪಾಲಿನ್ ಈ ಸಲ ಎರಡರಷ್ಟು. ಕೂಕುಮ್ ತಮ್ಮ ಪಟ್ಟಿಯನ್ನೂ ಕಳಿಸಿದ್ದಾರೆ: ಮೈದಾ ನಾಲ್ಕು ಮೂಟೆ, ಚಹಾ, ಮಕ್ಕಳಿಗೆ ಸಣ್ಣ ಸುತ್ತಿಗೆ ಆರು.