ಬಯಲಲ್ಲಿ ಕೂತು ಬಣ್ಣ ಕಲಿತದ್ದು

ಮೊದಲ ಸಲ ಬಯಲಲ್ಲಿ ಕೂತು ಚಿತ್ರ ಬರೆದಾಗ ನನ್ನ ಪೆಟ್ಟಿಗೆಯಲ್ಲಿ 24 ಟ್ಯೂಬ್ ಇದ್ದವು. ಅದರಲ್ಲಿ ಹಸಿರೇ ಐದು. ಎದುರಿಗೆ ಒಂದು ದೊಡ್ಡ ಮರ, ಅದರ ಹಿಂದೆ ಹುಲ್ಲಿನ ದಿಬ್ಬ, ದಿಬ್ಬದಾಚೆ ಬೆಟ್ಟದ ಸಾಲು. ಮರಕ್ಕೊಂದು ಹಸಿರು, ಹುಲ್ಲಿಗೊಂದು, ಬೆಟ್ಟಕ್ಕೆ ಇನ್ನೊಂದು ಅಂತ ಟ್ಯೂಬಿನಿಂದ ನೇರ ಹಿಂಡಿ ಹಚ್ಚಿದೆ. ಮೂರು ತಾಸು ಬಿಸಿಲಲ್ಲಿ ಕೂತಿದ್ದೆ. ಮನೆಗೆ ತಂದು ಗೋಡೆಗೆ ಒರಗಿಸಿ ನೋಡಿದರೆ ಮರ, ದಿಬ್ಬ, ಬೆಟ್ಟ ಮೂರೂ ಒಂದೇ ಕಾಗದಕ್ಕೆ ಅಂಟಿಸಿದ ಹಾಗಿದ್ದವು. ದೂರ ಅನ್ನೋದೇ ಇರಲಿಲ್ಲ. ಅಷ್ಟು ಹೊತ್ತು ಬೆನ್ನು ಸುಟ್ಟ ಬಿಸಿಲೂ ಚಿತ್ರದೊಳಗೆ ಬಂದಿರಲಿಲ್ಲ.

ಡ್ರಾಯಿಂಗ್ ಸರಿಯಾಗಿಯೇ ಇತ್ತು. ತಪ್ಪಿದ್ದು ನೋಟ. ಎಲೆ ಹಸಿರು, ಆಕಾಶ ನೀಲಿ, ನೆರಳು ಕಪ್ಪು ಅಂತ ಮೊದಲೇ ಮನಸ್ಸಿನಲ್ಲಿ ಬರೆದುಕೊಂಡು ಕೂತಿದ್ದೆ, ಕೈ ಅದನ್ನೇ ನಕಲು ಮಾಡಿತ್ತು.

ಆಮೇಲೆ ಹೆಚ್ಚು ಕಡಿಮೆ ಎಂಟು ವರ್ಷದಿಂದ ವಾರಕ್ಕೊಮ್ಮೆಯಾದರೂ ಹೊರಗೆ ಹೋಗಿ ಬರೆಯುತ್ತಿದ್ದೇನೆ. ನನಗೆ ಬಣ್ಣ ಬಂದದ್ದು ಅಲ್ಲೇ. ಹೀಗೆ ಹೊರಗೆ ಕೂತು ಕಲಿಯೋದು ಈಗಷ್ಟೇ ಬ್ರಷ್ ಹಿಡಿದವರಿಗೂ ಆಗುತ್ತದೆ, ವರ್ಷಗಟ್ಟಲೆ ಫೋಟೋ ನೋಡಿ ಬರೆದು ಕೈ ಪಳಗಿದವರಿಗೂ ಆಗುತ್ತದೆ. ನಿಜ ಹೇಳಬೇಕೆಂದರೆ ಎರಡನೆಯವರಿಗೇ ಕಷ್ಟ ಜಾಸ್ತಿ, ಮರೆಯಬೇಕಾದದ್ದು ಅವರಿಗೆ ಹೆಚ್ಚಿರುತ್ತದೆ.

ಮೊದಲು ಮಾಡಿದ ಕೆಲಸ ಟ್ಯೂಬುಗಳನ್ನು ಕಡಿಮೆ ಮಾಡಿದ್ದು. ಟೈಟಾನಿಯಂ ವೈಟ್, ಲೆಮನ್ ಯೆಲ್ಲೋ, ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ ಬ್ಲೂ (ಗಾಢ ನೀಲಿ), ಬರ್ಂಟ್ ಸಿಯೆನಾ (ಕೆಂಪು ಛಾಯೆಯ ಕಂದು). ಐದೇ. ಕಪ್ಪು ಇಲ್ಲ, ಹಸಿರೂ ಇಲ್ಲ. ಒಂದು ವರ್ಷ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಅಲ್ಟ್ರಾಮರೀನ್ ಜೊತೆ ಬರ್ಂಟ್ ಸಿಯೆನಾ ಕಲಸಿದರೆ ಕಪ್ಪಿಗೆ ತೀರಾ ಹತ್ತಿರದ ಗಾಢ ಬಣ್ಣ ಬರುತ್ತದೆ. ನೀಲಿ ತುಸು ಹೆಚ್ಚಾದರೆ ತಂಪು ಕಪ್ಪು, ಸಿಯೆನಾ ಹೆಚ್ಚಾದರೆ ಬೆಚ್ಚನೆ ಕಪ್ಪು. ಅದಕ್ಕೇ ಬಿಳಿ ಸೇರಿಸುತ್ತಾ ಹೋದರೆ ಮೋಡ, ಕಲ್ಲು, ಧೂಳು ರಸ್ತೆ, ಹಳೇ ಗೋಡೆ ಎಲ್ಲದಕ್ಕೂ ಬೇಕಾದ ಬೂದು ಬಣ್ಣಗಳು ಒಂದೊಂದಾಗಿ ಹೊರಗೆ ಬರುತ್ತವೆ. ಇನ್ನೊಂದು ಲಾಭವೂ ಇದೆ. ಚಿತ್ರದ ಎಲ್ಲ ಬಣ್ಣವೂ ಆ ಐದೇ ಟ್ಯೂಬಿನಿಂದ ಬಂದದ್ದರಿಂದ ಒಂದಕ್ಕೊಂದು ನಂಟಿರುತ್ತದೆ. ಚಿತ್ರ ಚೂರುಚೂರಾಗಿ ಕಾಣುವುದಿಲ್ಲ.

ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಕೂತಾಗ ಚಾರ್ಟ್ ಮಾಡಿದೆ. ಬಿಳಿ ಬಿಟ್ಟರೆ ನಾಲ್ಕು ಬಣ್ಣ, ಎರಡೆರಡು ಸೇರಿಸಿದರೆ ಆರು ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಬಣ್ಣದಿಂದ ಇನ್ನೊಂದಕ್ಕೆ ಅಡ್ಡಕ್ಕೆ ಐದು ಹೆಜ್ಜೆ, ಪ್ರತಿ ಹೆಜ್ಜೆಗೂ ಬಿಳಿ ಸೇರಿಸುತ್ತಾ ಕೆಳಕ್ಕೆ ಐದು ಚೌಕ. ಒಟ್ಟು 150 ಚೌಕ. ಬೇಜಾರಿನ ಕೆಲಸ ಅನ್ನಿಸಬಹುದು, ಆದರೆ ಮಾಡಿ ನೋಡಿ. ನಾಲ್ಕನೇ ದಿನದ ಹೊತ್ತಿಗೆ ಬಣ್ಣ ಕಲಸುವ ಪ್ಯಾಲೆಟ್ ನೈಫು ಯಾವ ಬಣ್ಣದ ಕಡೆ ಹೋಗಬೇಕು ಅಂತ ಕೈಗೇ ಗೊತ್ತಾಗುತ್ತದೆ. ವಾಟರ್ ಕಲರ್‌ನವರು ಬಿಳಿಯ ಬದಲು ನೀರು ಹೆಚ್ಚಿಸಿದರೆ ಸಾಕು.

ಬಣ್ಣಕ್ಕಿಂತ ಮೊದಲು ತಿಳಿ-ಗಾಢ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಒಂದು ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನೋದು ಸರಿಯಿದ್ದರೆ ಬಣ್ಣದಲ್ಲಿ ತುಸು ಹೆಚ್ಚುಕಡಿಮೆಯಾದರೂ ಚಿತ್ರ ನಿಲ್ಲುತ್ತದೆ. ಅದೇ ತಪ್ಪಿದರೆ ಎಷ್ಟೇ ಚೆಂದದ ಬಣ್ಣ ಹಚ್ಚಿದರೂ ಉಳಿಯುವುದಿಲ್ಲ. ಹೋದ ಕೂಡಲೇ ನಾನು ಪೆನ್ಸಿಲ್ ತೆಗೆದು ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕದಲ್ಲಿ ಮೂರೇ ಟೋನಿನಲ್ಲಿ ನೋಟವನ್ನು ಗುರುತು ಹಾಕಿಕೊಳ್ಳುತ್ತೇನೆ. ಕಾಗದದ ಬಿಳಿ, ನಡುವಿನ ಬೂದು, ಗಾಢ. ಕಣ್ಣು ಅರೆಮುಚ್ಚಿ ನೋಡಿದರೆ ಎಲೆ, ಕೊಂಬೆ, ಕಲ್ಲಿನ ಗೆರೆ ಎಲ್ಲ ಕರಗಿ ನಾಲ್ಕೈದು ದೊಡ್ಡ ಆಕಾರ ಮಾತ್ರ ಉಳಿಯುತ್ತವೆ, ಅವೇ ಬೇಕು.

ಇದರಲ್ಲಿ ನನಗೆ ತುಂಬಾ ನೆರವಾದ ಒಂದು ಲೆಕ್ಕ ಇದೆ. ಬೆಳಕು ಬರೋದು ಮೇಲಿನಿಂದ. ಹಾಗಾಗಿ ಸಾಮಾನ್ಯವಾಗಿ ಆಕಾಶ ಎಲ್ಲಕ್ಕಿಂತ ತಿಳಿ. ಆಕಾಶಕ್ಕೆ ಮುಖ ಮಾಡಿ ಮಲಗಿದ ನೆಲ ಅದರ ನಂತರ. ಇಳಿಜಾರು ಇನ್ನೂ ಸ್ವಲ್ಪ ಗಾಢ. ನೆಟ್ಟಗೆ ನಿಂತ ಮರಗಳು ಎಲ್ಲಕ್ಕಿಂತ ಗಾಢ. ಬಿಸಿಲು ಬಿದ್ದ ಬಿಳಿ ಗೋಡೆಯಂಥವು ಈ ಲೆಕ್ಕ ತಪ್ಪಿಸುತ್ತವೆ, ಹಿಮ ಬಿದ್ದ ನೆಲವೂ ಅಷ್ಟೇ. ಉಳಿದಂತೆ ಹತ್ತರಲ್ಲಿ ಎಂಟು ಸಲ ಇದು ಸರಿಹೋಗುತ್ತದೆ. ನನ್ನ ಮೊದಲ ಚಿತ್ರದಲ್ಲಿ ಹುಲ್ಲಿನ ದಿಬ್ಬವೂ ಮರವೂ ಒಂದೇ ಗಾಢದಲ್ಲಿದ್ದವು. ಅಂಟಿಸಿದ ಹಾಗೆ ಕಂಡದ್ದು ಅದಕ್ಕೇ.

ಇನ್ನು ತೂತಿನ ಕಾರ್ಡು. ಬೂದು ಬಣ್ಣದ ದಪ್ಪ ಕಾಗದಕ್ಕೆ ಪಂಚಿಂಗ್ ಮಷೀನಿನಿಂದ ಒಂದು ತೂತು ಹಾಕಿದ್ದು, ಅಷ್ಟೇ. ತೋಳು ಚಾಚಿ ಹಿಡಿದು ಒಂದೇ ಕಣ್ಣಿನಿಂದ ತೂತಿನಲ್ಲಿ ನೋಡಬೇಕು. ಸುತ್ತಲಿನದೆಲ್ಲ ಮರೆಯಾಗಿ ಒಂದು ಚುಕ್ಕೆ ಬಣ್ಣ ಮಾತ್ರ ಕಾಣುತ್ತದೆ. ಅದು ಎಲೆಯದೋ ಮಣ್ಣಿನದೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಅದೇ ಅದರ ಗುಣ.

ಒಂದು ಬೆಳಿಗ್ಗೆ ಸುಣ್ಣ ಬಳಿದ ಗೋಡೆಯ ಎದುರು ಕೂತಿದ್ದೆ. ಅರ್ಧ ಬಿಸಿಲು, ಅರ್ಧ ನೆರಳು. ನೆರಳಿಗೆ ಬೂದು ಕಲಸಿ ಇಟ್ಟುಕೊಂಡಿದ್ದೆ. ಹಚ್ಚುವ ಮುಂಚೆ ಸುಮ್ನೆ ಒಮ್ಮೆ ನೋಡೋಣ ಅಂತ ಕಾರ್ಡು ಎತ್ತಿದೆ. ತೂತಿನಲ್ಲಿ ಕಂಡದ್ದು ನೀಲಿ! ನೇರಳೆಯ ಕಡೆ ವಾಲಿದ, ಮಸುಕಾದ ನೀಲಿ. ಕಾರ್ಡು ಇಳಿಸಿದರೆ ಮತ್ತೆ ಬರೀ ಬಿಳಿ ಗೋಡೆಯ ನೆರಳು. ಎತ್ತಿದರೆ ನೀಲಿ. ನಾಲ್ಕೈದು ಸಲ ಎತ್ತಿ ಇಳಿಸಿ ನೋಡಿದೆ. ಆಮೇಲೆ ಕಾರ್ಡನ್ನು ಗೋಡೆಯ ಬುಡದ ಕಡೆಗೆ ಜರುಗಿಸುತ್ತಾ ಬಂದೆ. ಮಣ್ಣು ಹತ್ತಿರವಾದಂತೆ ಆ ನೀಲಿ ಮೆಲ್ಲಗೆ ಬೆಚ್ಚಗಾಗುತ್ತಾ ಹೋಯಿತು, ನೆಲದಿಂದ ಒಂದು ಗೇಣು ಮೇಲೆ ಸ್ಪಷ್ಟವಾಗಿ ಕಿತ್ತಳೆ ಛಾಯೆ ಇತ್ತು. ಒಂದೇ ನೆರಳು, ಒಂದೇ ಗೋಡೆ. ಯೋಚಿಸಿದರೆ ಕಾರಣ ಸರಳ. ನೆರಳಿಗೆ ಸೂರ್ಯನ ನೇರ ಬೆಳಕು ಸಿಗುವುದಿಲ್ಲ, ಆದರೆ ಮೇಲಿನ ನೀಲಿ ಆಕಾಶದ ಬೆಳಕು ಸಿಗುತ್ತದೆ. ಬುಡಕ್ಕೆ ಬಿಸಿಲು ಬಿದ್ದ ಮಣ್ಣಿನ ಬೆಳಕು ತಿರುಗಿ ಬಂದು ಬೀಳುತ್ತದೆ. ಆ ದಿನ ಚಿತ್ರ ಮುಗಿಯಲಿಲ್ಲ. ಆದರೆ ನೆರಳು ಅಂದರೆ ಬೆಳಕಿಲ್ಲದ ಜಾಗ ಅನ್ನೋ ನನ್ನ ತಿಳಿವಳಿಕೆ ಅಲ್ಲಿಗೆ ಮುಗಿಯಿತು.

ಈಗ ನಾನು ಕಲಸಿದ ಬಣ್ಣವನ್ನು ಆ ತೂತಿನ ಅಂಚಿಗೇ ಒಂದು ಚುಕ್ಕೆ ಹಚ್ಚಿ, ಎದುರಿನ ಬಣ್ಣದ ಪಕ್ಕದಲ್ಲಿ ಹಿಡಿದು ನೋಡುತ್ತೇನೆ. ಕೇಳಿಕೊಳ್ಳುವ ಪ್ರಶ್ನೆ ಮೂರೇ. ತಿಳಿಯಾಯಿತೋ ಗಾಢವಾಯಿತೋ? ಯಾವ ಬಣ್ಣದ ಕಡೆ ವಾಲಿದೆ? ಹೊಳಪು ಜಾಸ್ತಿಯೋ ಮಸುಕು ಜಾಸ್ತಿಯೋ? ಒಂದು ಸಂಗತಿ ಮಾತ್ರ ನೆನಪಿರಲಿ. ಬಿಸಿಲಿನ ಹೊಳಪಿಗೆ ನಮ್ಮ ಬಿಳಿ ಟ್ಯೂಬು ಎಂದೂ ಸಾಟಿಯಾಗುವುದಿಲ್ಲ. ಹಾಗಾಗಿ ಪ್ರತಿ ಬಣ್ಣವನ್ನೂ ಇದ್ದದ್ದಿದ್ದಂತೆ ಹಿಡಿಯಲು ಆಗುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು ಹಿಡಿಯಬೇಕು.

ಪಕ್ಕದ ಬಣ್ಣ ಎಷ್ಟು ಆಟ ಆಡಿಸುತ್ತದೆ ಅನ್ನೋದಕ್ಕೆ ನನಗೆ ಇಷ್ಟವಾದ ಒಂದು ಕಥೆ ಇದೆ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರೆಲ್ ಅನ್ನೋ ರಸಾಯನ ವಿಜ್ಞಾನಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ದಾರಕ್ಕೆ ಬಣ್ಣ ಸರಿಯಾಗಿ ಹಿಡಿದಿಲ್ಲ, ಪೇಲವವಾಗಿ ಕಾಣುತ್ತದೆ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವೇ ಇಲ್ಲ. ಕಪ್ಪಿನ ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ದಾರಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. 1839ರಲ್ಲಿ ಅವರು ಇದನ್ನೆಲ್ಲ ಪ್ರಕಟಿಸಿದರು, ಮುಂದೆ ಬಂದ ಚಿತ್ರಕಾರರಿಗೆ ಅದು ದಾರಿ ತೋರಿಸಿತು. ಬಯಲಲ್ಲಿ ಇದನ್ನು ದಿನವೂ ನೋಡಬಹುದು. ಹಸಿರು ಹುಲ್ಲಿನ ನಡುವಿನ ಬೂದು ಕಾಲುದಾರಿ ಗುಲಾಬಿಯಾಗಿ ಕಾಣುತ್ತದಲ್ವಾ? ಗುಲಾಬಿ ಹಚ್ಚಿದರೆ ಅತಿಯಾಗುತ್ತದೆ. ಸುತ್ತ ಹಸಿರು ಹಚ್ಚಿ ನಡುವೆ ಬೂದು ಇಡಿ, ಅದೇ ಗುಲಾಬಿಯಾಗುತ್ತದೆ. ಅದಕ್ಕೇ ಖಾಲಿ ಬಿಳಿ ಕ್ಯಾನ್ವಾಸಿನ ಮೇಲೆ ಒಂದು ಬಣ್ಣ ಹಚ್ಚಿ ಅಲ್ಲೇ ತೀರ್ಪು ಕೊಡಬಾರದು. ನಾನು ಮೊದಲು ತೆಳುವಾಗಿ ಸಿಯೆನಾ ಬಳಿದು ಬಿಳಿಯನ್ನು ಮುಚ್ಚಿಬಿಡುತ್ತೇನೆ, ಮೇಲೆ ದೊಡ್ಡ ಆಕಾರಗಳಿಗೆಲ್ಲ ಒಂದೊಂದು ಬಣ್ಣ ಬೇಗ ಹಾಕಿ, ಆಮೇಲೆ ತಿದ್ದುತ್ತೇನೆ.

ಮತ್ತೆ ಆ ಮರಕ್ಕೆ ಬರೋಣ. ಹಸಿರಿನ ಭಯ ಎಲ್ಲರಿಗೂ ಇದೆ, ನನಗೂ ಇತ್ತು. ಈಗ ಒಂದು ಮರದಲ್ಲಿ ನಾನು ಹುಡುಕೋದು ಮೂರು ಬಗೆಯ ಎಲೆ. ಮೇಲ್ಭಾಗದಲ್ಲಿ ಆಕಾಶಕ್ಕೆ ಮುಖ ಮಾಡಿದ ಎಲೆಗಳು ಆಕಾಶವನ್ನೇ ಹೊಳೆಯಿಸುತ್ತವೆ, ಅವು ತಿಳಿ ಬೂದುನೀಲಿ, ಹಸಿರು ಅಲ್ಲಿ ಕಡಿಮೆ. ಸೂರ್ಯ ಹಿಂದಿದ್ದಾಗ ಬೆಳಕು ಯಾವ ಎಲೆಯ ಮೂಲಕ ತೂರಿ ಬರುತ್ತದೋ ಅದು ಹಳದಿ ತುಂಬಿದ ಹಸಿರು, ಮರದಲ್ಲೆಲ್ಲ ಅತಿ ಜೋರಾದ ಬಣ್ಣ ಅದೇ. ಒಳಗಿನ ನೆರಳಿನ ಎಲೆಗಳು ಗಾಢ, ಬೆಚ್ಚಗೆ, ಕಂದು ಬಣ್ಣಕ್ಕೆ ಹತ್ತಿರ. ಮೊದಲನೆಯದಕ್ಕೆ ಅಲ್ಟ್ರಾಮರೀನ್, ಬಿಳಿ, ಒಂದು ಚೂರು ಲೆಮನ್ ಯೆಲ್ಲೋ. ಎರಡನೆಯದಕ್ಕೆ ಲೆಮನ್ ಯೆಲ್ಲೋಗೆ ಬ್ರಷ್ಷಿನ ತುದಿಯಷ್ಟೇ ನೀಲಿ. ಮೂರನೆಯದಕ್ಕೆ ಅಲ್ಟ್ರಾಮರೀನ್, ಬರ್ಂಟ್ ಸಿಯೆನಾ, ಮೇಲೆ ಸ್ವಲ್ಪ ಹಳದಿ. ಯಾವ ಹಸಿರಾದರೂ ಕಿರುಚುತ್ತಿದೆ ಅನ್ನಿಸಿದರೆ ಒಂದು ಚಿಟಿಕೆ ಅಲಿಜರಿನ್, ಬಾಯಿ ಮುಚ್ಚುತ್ತದೆ. ಕೆಂಪು ಹಸಿರಿನ ಹೊಳಪನ್ನು ತಗ್ಗಿಸುತ್ತದೆ.

ದೂರದ ಬೆಟ್ಟಕ್ಕೆ ಮುಖ್ಯ ನಡುವಿನ ಗಾಳಿ. ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ, ಆ ಚದುರಿದ ನೀಲಿ ನಮ್ಮ ಮತ್ತು ಬೆಟ್ಟದ ನಡುವೆ ತುಂಬಿರುತ್ತದೆ. ಮೊದಲು ಬದಲಾಗೋದು ಗಾಢ ಬಣ್ಣಗಳು, ಅವು ತಿಳಿಯಾಗಿ ನೀಲಿಯಾಗುತ್ತವೆ. ಬಿಳಿ ಮಾತ್ರ ಉಲ್ಟಾ. ದೂರದ ಬಿಳಿ ಮೋಡ ತುಸು ಹಳದಿಗೆ, ಕೆಲವೊಮ್ಮೆ ತಿಳಿ ಗುಲಾಬಿಗೆ ತಿರುಗುತ್ತದೆ, ಯಾಕೆಂದರೆ ಅದರಿಂದ ಹೊರಟ ಬೆಳಕಿನ ನೀಲಿಯೇ ದಾರಿಯಲ್ಲಿ ಚದುರಿ ಹೋಗಿರುತ್ತದೆ. ಇದು ಗೊತ್ತಾದ ಮೇಲೆ ದಿಗಂತದ ಮೋಡಗಳಿಗೆ ಬರೀ ಬಿಳಿ ಹಚ್ಚೋದನ್ನು ಬಿಟ್ಟೆ.

ಹೊತ್ತಿನ ಲೆಕ್ಕ. ಸೂರ್ಯ ತಾಸಿಗೆ 15 ಡಿಗ್ರಿ ಸರಿಯುತ್ತಾನೆ. ಎರಡು ತಾಸಿನಲ್ಲಿ 30 ಡಿಗ್ರಿ, ಅಷ್ಟರಲ್ಲಿ ಮೊದಲು ನೋಡಿದ ನೆರಳು ಅಲ್ಲಿರೋದೇ ಇಲ್ಲ. ಹಾಗಾಗಿ ಎರಡು ತಾಸು ಆಯಿತೆಂದರೆ ನಾನು ಬ್ರಷ್ ಕೆಳಗಿಡುತ್ತೇನೆ. ಮೊದಲ ಹತ್ತು ನಿಮಿಷದಲ್ಲೇ ನೆರಳಿನ ಗೆರೆ ಹಾಕಿಬಿಡಬೇಕು. ಆಮೇಲೆ ಅದು ಎಲ್ಲಿಗೇ ಹೋಗಲಿ, ಅದರ ಹಿಂದೆ ಓಡಬಾರದು. ಫ್ರಾನ್ಸಿನ ಚಿತ್ರಕಾರ ಮೋನೆ 1890-91ರಲ್ಲಿ ಹುಲ್ಲಿನ ಬಣವೆಗಳನ್ನು ಬರೆಯುವಾಗ ಹಲವು ಕ್ಯಾನ್ವಾಸ್ ಜೊತೆಗಿಟ್ಟುಕೊಂಡು ಬೆಳಕು ಬದಲಾದಂತೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ನಮಗೂ ಇದು ಆಗುವ ಕೆಲಸವೇ. 6×8 ಇಂಚಿನ ಮೂರು ಚಿಕ್ಕ ಬೋರ್ಡ್ ಒಯ್ದರೆ ಸಾಕು. ಚಿಕ್ಕದರಲ್ಲಿ ಎಲೆ ಎಲೆ ಬರೆಯಲು ಜಾಗ ಇರುವುದಿಲ್ಲ, ಕಲಿಯುವವರಿಗೆ ಅದೇ ಒಳ್ಳೆಯದು.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1841ರಲ್ಲಿ ಜಾನ್ ಗಾಫ್ ರಾಂಡ್ ಅನ್ನೋ ಚಿತ್ರಕಾರ ಹಿಂಡಿದರೆ ಬಣ್ಣ ಬರುವ ತಗಡಿನ ಟ್ಯೂಬಿಗೆ ಪೇಟೆಂಟ್ ಪಡೆದರು, ಅದಕ್ಕೆ ಮುಂಚೆ ಆಯಿಲ್ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಒಯ್ಯಬೇಕಿತ್ತು. ನಮಗೆ ಆ ಕಷ್ಟವೆಲ್ಲ ಇಲ್ಲ. ಯಾವ ಮಾಧ್ಯಮವಾದರೂ ಸರಿ, ಅದರ ಸ್ವಭಾವ ತಿಳಿದಿರಲಿ. ವಾಟರ್ ಕಲರ್ ಒಣಗಿದ ಮೇಲೆ ತಿಳಿಯಾಗುತ್ತದೆ. ಆಕ್ರಿಲಿಕ್ ತುಸು ಗಾಢವಾಗುತ್ತದೆ, ಗಾಳಿಗೆ ನಿಮಿಷಗಳಲ್ಲೇ ಒಣಗುತ್ತದೆ, ನೀರಿನ ಸ್ಪ್ರೇ ಬಾಟಲಿ ಜೊತೆಗಿರಬೇಕು. ದಟ್ಟ ನೀರಿನ ಬಣ್ಣವಾದ ಗುವಾಶ್‌ನಲ್ಲಿ ತಿಳಿ ಬಣ್ಣ ಗಾಢವಾಗಿ, ಗಾಢ ಬಣ್ಣ ತಿಳಿಯಾಗಿ ಒಣಗುತ್ತದೆ. ಆಯಿಲ್ ಬಹುಮಟ್ಟಿಗೆ ಹಚ್ಚಿದ ಹಾಗೇ ಉಳಿಯುತ್ತದೆ, ಆದರೆ ಹಸಿ ಚಿತ್ರ ತರಲು ಪೆಟ್ಟಿಗೆ ಬೇಕು. ಲಿನ್‌ಸೀಡ್ (ಅಗಸೆ) ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಎರಡನೇ ವರ್ಷ ನನಗೊಂದು ವಿಚಿತ್ರ ಕಾಟ ಇತ್ತು. ಅಲ್ಲಿ ಕೂತಾಗ ಜಗಮಗಿಸಿದ ಚಿತ್ರ ಮನೆಯೊಳಗೆ ಬಂದ ಕೂಡಲೇ ಕತ್ತಲು ಕವಿದ ಹಾಗೆ ಆಗುತ್ತಿತ್ತು. ಬಣ್ಣದ ದೋಷ ಅಂದುಕೊಂಡು ಟ್ಯೂಬ್ ಬದಲಿಸಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಗೊತ್ತಾಯಿತು, ನಾನು ಕ್ಯಾನ್ವಾಸನ್ನೂ ಪ್ಯಾಲೆಟನ್ನೂ ನೇರ ಬಿಸಿಲಿಗೆ ಇಡುತ್ತಿದ್ದೆ. ಬಿಸಿಲು ಬಿದ್ದ ಗಾಢ ಬಣ್ಣವೂ ತಿಳಿಯಾಗಿಯೇ ಕಾಣುತ್ತದೆ, ಹಾಗಾಗಿ ಬೇಕಾದದ್ದಕ್ಕಿಂತ ಗಾಢ ಕಲಸಿ ನಿಲ್ಲಿಸುತ್ತಿದ್ದೆ. ಈಗ ಎರಡೂ ಒಂದೇ ನೆರಳಿನಲ್ಲಿ ಇರುವಂತೆ ಕೊಡೆ ಕಟ್ಟುತ್ತೇನೆ. ತೀರಾ ಕತ್ತಲ ನೆರಳೂ ಬೇಡ, ಅಲ್ಲಿ ಉಲ್ಟಾ ಆಗಿ ಚಿತ್ರ ಪೇಲವವಾಗುತ್ತದೆ. ಕೊಡೆಯೂ ಬಿಳಿ ಅಥವಾ ಬೂದು ಇರಲಿ, ಬಣ್ಣದ ಕೊಡೆ ತನ್ನ ಬಣ್ಣವನ್ನು ಚಿತ್ರದ ಮೇಲೆ ಸುರಿಯುತ್ತದೆ. ಕೆಂಪು ಅಂಗಿಯೂ ಹಾಗೇ, ಒದ್ದೆ ಕ್ಯಾನ್ವಾಸಿನ ಮೇಲೆ ಅದರ ಕೆಂಪು ಬೀಳುತ್ತದೆ. ಮಾಸಿದ ಬಣ್ಣದ ಅಂಗಿ, ಅಗಲ ಅಂಚಿನ ಟೋಪಿ. ಕೂಲಿಂಗ್ ಗ್ಲಾಸ್ ಬೇಡವೇ ಬೇಡ. ಕ್ಯಾನ್ವಾಸ್ ನಿಲ್ಲಿಸುವ ಈಸಲ್ ಕೆಳಗೆ ಕಲ್ಲು ತುಂಬಿದ ಚೀಲ ನೇತುಹಾಕಿ. ಒಂದು ಗಾಳಿಗೆ ನನ್ನ ಎರಡು ತಾಸಿನ ಕೆಲಸ ಮಣ್ಣಿಗೆ ಮುಖ ಹಾಕಿ ಬಿದ್ದಿತ್ತು.

ಫೋಟೋ ತೆಗೆಯುತ್ತೇನೆ, ಆದರೆ ಬಣ್ಣಕ್ಕಾಗಿ ಅದನ್ನು ನಂಬುವುದಿಲ್ಲ. ಬಿಸಿಲಿನ ನೋಟದಲ್ಲಿ ಫೋನು ಆಕಾಶವನ್ನು ಬೆಳ್ಳಗೆ ಮಾಡುತ್ತದೆ, ಇಲ್ಲವೇ ನೆರಳನ್ನು ಕಪ್ಪು ಮಾಡುತ್ತದೆ. ಆ ನೆರಳಿನೊಳಗಿನ ನೀಲಿ, ಕಿತ್ತಳೆ ಎಲ್ಲ ಅಲ್ಲಿ ಸತ್ತುಹೋಗಿರುತ್ತವೆ. ಒಂದು ಉಪಯೋಗ ಇದೆ. ನನ್ನ ಚಿತ್ರದ್ದೇ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿದರೆ ತಿಳಿ-ಗಾಢ ಎಲ್ಲಿ ತಪ್ಪಿದೆ ಅಂತ ಕೂಡಲೇ ಕಾಣುತ್ತದೆ.

ಹೊಸಬರು ಯಾರಾದರೂ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಬಿಳಿ ರಟ್ಟಿನ ಪೆಟ್ಟಿಗೆಯೊಂದನ್ನು ಬಿಸಿಲಲ್ಲಿಟ್ಟು ಬರೆಯಲು ಹೇಳುತ್ತೇನೆ. ಬಿಸಿಲಿನ ಮುಖ, ನೆರಳಿನ ಮುಖ, ಮೇಲ್ಮುಖ, ನೆಲದ ನೆರಳು. ನಾಲ್ಕೇ ಬಣ್ಣ, ಗೆರೆಯ ಚಿಂತೆ ಇಲ್ಲ. ಅನುಭವ ಇದ್ದವರೂ ಇದನ್ನು ಮಾಡಬಹುದು, ನಾನು ಈಗಲೂ ಮಾಡುತ್ತೇನೆ. ಈ ತಿಂಗಳು ಆ ಸುಣ್ಣದ ಗೋಡೆಯ ಮೂಲೆಗೇ ಹೋಗುತ್ತಿದ್ದೇನೆ. ಬಿಸಿಲಿನ ದಿನದ ಬೋರ್ಡುಗಳು ಒಂಬತ್ತು ಆಗಿವೆ. ನಿನ್ನೆ ಮೋಡ ಕವಿದಿತ್ತು, ನೆರಳಿನ ಅಂಚೇ ಕಾಣಲಿಲ್ಲ. ಕಾರ್ಡು ಎತ್ತಿ ನೋಡಿದರೆ ಬೆಳಕಿನ ಕಡೆ ತಂಪು, ಮೂಲೆಯ ಸಂದಿ ಬೆಚ್ಚಗೆ, ಬಿಸಿಲಿನ ದಿನಕ್ಕೆ ಸರಿಯಾಗಿ ಉಲ್ಟಾ. ಆ ಬೋರ್ಡು ಇನ್ನೂ ಅರ್ಧ ಆಗಿದೆ. ನಾಳೆಯೂ ಮೋಡ ಇದ್ದರೆ ಮುಗಿಸುತ್ತೇನೆ.